ಕರೆಯುವ ವಾದ್ಯ, ಕೂರಿಸುವ ವಾದ್ಯ

ನಮ್ಮ ಅರಸೀಕೆರೆಗೆ ಎರಡು ಗುರುತು. ಒಂದು, ಹೆಸರಿನಲ್ಲೇ ಇರುವ ಅರಸಿಯ ಕೆರೆ. ಇನ್ನೊಂದು, ರೈಲ್ವೆ ಜಂಕ್ಷನ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮೂರು ದಿಕ್ಕಿನ ಗಾಡಿಗಳೂ ಇಲ್ಲಿ ಕೂಡುತ್ತವೆ. ಹಾಗಾಗಿ ಸುತ್ತಿನ ಜಾತ್ರೆಗಳಿಗೆ ಬರುವ ಎಷ್ಟೋ ಹಾಡುಗಾರರು ತಂಬೂರಿ, ಮೃದಂಗಗಳ ಸಮೇತ ನಮ್ಮ ಪ್ಲಾಟ್‌ಫಾರಮ್ಮಿನ ಮೇಲೆ ಇಳಿಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿಂದ ಬಾಣಾವರ, ಜಾವಗಲ್ಲಿನ ಮೇಲೆ ಹಳೇಬೀಡು. ಮುಂದೆ 16 ಕಿಲೋಮೀಟರು ಹೋದರೆ ಬೇಲೂರು.

ಇವರೆಲ್ಲ ಹೆಚ್ಚಾಗಿ ಬರುತ್ತಿದ್ದುದು ಬೇಸಿಗೆಯಲ್ಲಿ. ಅದಕ್ಕೆ ಭಕ್ತಿಯಷ್ಟೇ ಬೇಸಾಯವೂ ಕಾರಣ. ರಾಗಿ ಒಕ್ಕಣೆ ಮುಗಿದು ಕಣ ಖಾಲಿಯಾಗಿರುತ್ತದೆ, ಮುಂಗಾರಿನ ಬಿತ್ತನೆಗೆ ಇನ್ನೂ ದಿನವಿರುತ್ತದೆ. ಹಗಲೆಲ್ಲ ಕಾದ ನೆಲ ಸಂಜೆಗೆ ತಣ್ಣಗಾದರೆ ಮನೆಯೊಳಗೆ ಕೂರುವವರು ಯಾರು? ಬೆಂಗಳೂರಿನಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಕಛೇರಿಗಳೂ ಇದೇ ಋತುವಿನ ಚಪ್ಪರದವು. ನಮ್ಮ ಕಡೆ ಚೈತ್ರವೆಂದರೆ ಬೇಲೂರು ಚೆನ್ನಕೇಶವನ ತೇರು. ಆ ತೇರಿನ ವೇಳೆ ಕುರಾನ್ ಪಠಿಸುವುದು ಹಳೆಯ ವಾಡಿಕೆ. 2022ರಲ್ಲಿ ಆಕ್ಷೇಪ ಬಂದಾಗಲೂ ಪಠಣ ನಡೆಯಿತು. ಒಂದೇ ಬೀದಿಯಲ್ಲಿ ಹಲವು ದನಿ ಕೇಳುವುದು ಈ ಸೀಮೆಗೆ ಹೊಸದಲ್ಲ.

ಕೆಲವು ವರ್ಷಗಳ ಹಿಂದೆ ಹಳೇಬೀಡಿನ ಹತ್ತಿರದ ಒಂದು ಹಳ್ಳಿಯ ಜಾತ್ರೆಗೆ ಹೋಗಿದ್ದೆ. ಒಂದೇ ಸಂಜೆಗೆ ಐದು ತಂಡ. ಹಾರ್ಮೋನಿಯಂ ಹಿಡಿದ ಭಜನಾ ಮಂಡಳಿ, ವೀರಗಾಸೆ, ಪಿಟೀಲು ಮೃದಂಗಗಳ ಜೊತೆ ಕರ್ನಾಟಕ ಸಂಗೀತದ ಹಾಡುಗಾರಿಕೆ, ಕೊನೆಗೆ ಕೀಬೋರ್ಡಿನವರನ್ನು ಕಟ್ಟಿಕೊಂಡು ಬಂದ ಸುಗಮ ಸಂಗೀತ. ಐದನೆಯದು ತಮಟೆಯವರದು. ಅವರು ವೇದಿಕೆ ಹತ್ತಲಿಲ್ಲ. ಇಳಿಹೊತ್ತಿನಿಂದ ಊರಬಾಗಿಲಲ್ಲಿ, ಬೀದಿಯಲ್ಲಿ, ಚಪ್ಪರದ ಹೊರಗೆ ಬಾರಿಸಿ, ಮೈಕಿನಲ್ಲಿ ಸ್ವಾಗತ ಭಾಷಣ ಶುರುವಾದ ಕೂಡಲೇ ನಿಲ್ಲಿಸಿ, ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತ ಕೂತರು. ಜನ ಬಂದದ್ದು ಅವರ ಬಡಿತ ಕೇಳಿ. ಬಂದವರು ಕೂತದ್ದು ಬೇರೆಯವರ ಮುಂದೆ.

ಅವರಲ್ಲಿ ಹಿರಿಯರೊಬ್ಬರನ್ನು, 'ಒಳಗೆ ಬಂದು ಕೂತು ಕೇಳಬಾರದೇ ಯಜಮಾನರೇ?' ಎಂದು ವಿಚಾರಿಸಿದೆ. ಅವರು ನಕ್ಕು, 'ನಮ್ದೇನಿದ್ರೂ ಜನ್ರನ್ನ ಕರ್ಯೋ ವಾದ್ಯ ಮೇಷ್ಟ್ರೇ. ಕೂರ್‍ಸೋ ವಾದ್ಯ ಅವ್ರ್ದು' ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಹಳೇಬೀಡಿನ ಗುಡಿಯ ಹೊರಗೋಡೆಯನ್ನು ಆ ಮಾತು ಇಟ್ಟುಕೊಂಡೇ ಸುತ್ತಿದೆ. ಕುಣಿಯುವ ಶಿವನ ಕಾಲ ಬಳಿ ಚರ್ಮವಾದ್ಯ ಬಾರಿಸುವವರು, ತಾಳ ಹಾಕುವವರು. ವೇಣುಗೋಪಾಲನ ಕೊಳಲಿಗೆ ಕಿವಿಗೊಟ್ಟ ದನಗಳು. ಕಲ್ಲಿನಲ್ಲೂ ದೇವರು ದೊಡ್ಡವನೇ, ಬಾರಿಸುವವನು ಚಿಕ್ಕವನೇ. ಆದರೆ ಬಾರಿಸುವವನು ಚೌಕಟ್ಟಿನ ಹೊರಗಿಲ್ಲ. ಅವನ ಪೆಟ್ಟಿಲ್ಲದೆ ಶಿವನ ಹೆಜ್ಜೆಯಿಲ್ಲವೆಂಬುದು ಶಿಲ್ಪಿಗೆ ಗೊತ್ತಿತ್ತು.

ಬೇಲೂರಿನ ಕಥೆ ಇನ್ನೂ ಒಂದು ಪದರ ಆಳ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಅದು. ರಾಣಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ಬಲ್ಲವಳೆಂದು ಹೊಗಳುತ್ತವೆ. ನವರಂಗದ ನಡುವಿನ ನುಣುಪಾದ ದುಂಡುಗಲ್ಲಿನ ಮೇಲೆ ಆಕೆ ಕುಣಿದಳೆಂದು ಊರವರು ಹೇಳುತ್ತಾರೆ. ಮೇಲೆ ಸೂರಿನಡಿ ಮದನಿಕೆಯರು ಇಂದಿಗೂ ಕುಣಿಯುತ್ತಿದ್ದಾರೆ, ಬಾರಿಸುತ್ತಿದ್ದಾರೆ.

ಕಲ್ಲಿನವರು ಉಳಿದರು; ಜೀವಂತ ಇದ್ದವರು ಉಳಿಯಲಿಲ್ಲ. 1909ರಲ್ಲಿ ಮೈಸೂರು ಸರ್ಕಾರ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿ ಹೋಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. 1982ರಲ್ಲಿ ಕರ್ನಾಟಕ ಅದಕ್ಕೆಂದೇ ಕಾಯ್ದೆ ಮಾಡಿತು. ಆದರೆ ತಲೆಮಾರುಗಳಿಂದ ಆ ಹಾಡು, ಆ ಹೆಜ್ಜೆ ಕಾಪಾಡಿಕೊಂಡು ಬಂದವರಿಗೆ ಬೇರೆ ಯಾವ ವೇದಿಕೆ ಕೊಟ್ಟೆವು? ಕಲೆ ಸಭಾಭವನಕ್ಕೆ ಹೋಗಿ ಗೌರವ ಪಡೆಯಿತು, ಕಲಾವಿದೆ ಊರಿನ ಬಾಯಲ್ಲಿ ಬೈಗುಳವಾದಳು. ತಮಟೆಯವರದು ಬೇರೆ ಕಥೆ. ಅವರನ್ನು ಯಾರೂ ಹೊರಗೆ ಹಾಕಬೇಕಾಗಲಿಲ್ಲ, ಒಳಗೆ ಕರೆದದ್ದೇ ಇಲ್ಲ. ಎರಡರ ಹಿಂದೆಯೂ ಇರುವ ಲೆಕ್ಕ ಮಾತ್ರ ಒಂದೇ: ನಾದ ಬೇಕು, ನಾದ ಮಾಡುವವರು ಬೇಡ.

ಬೇಲೂರಿನಲ್ಲಿ ನನಗೆ ಅತಿ ಪ್ರಿಯವಾದದ್ದು ಯಾವ ಮದನಿಕೆಯೂ ಅಲ್ಲ, ವಿಗ್ರಹಗಳ ಕೆಳಗಿನ ಅಕ್ಷರ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ಶಿಲ್ಪದಲ್ಲಿ ತಮ್ಮ ಗುರುತು ಬಿಟ್ಟರು. ಅರಸ ಬೇಡವೆನ್ನಲಿಲ್ಲ. ಒಂಬತ್ತು ಶತಮಾನಗಳಾದ ಮೇಲೂ ಆ ಕೆಲಸಗಾರರ ಊರು ಯಾವುದು, ಯಾರು ಯಾರ ಮಗ ಎಂಬುದು ನಮಗೆ ಗೊತ್ತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನನಗೆ ಮೊದಲು ನೆನಪಾದದ್ದು ಈ ಹೆಸರುಗಳೇ.

ಆ ಹಳ್ಳಿಯ ಜಾತ್ರೆಯ ಕರಪತ್ರ ಇನ್ನೂ ನನ್ನ ಬಳಿ ಇದೆ. ಹಾಡುಗಾರರ ಹೆಸರು ಬಿರುದುಗಳೊಡನೆ ಇದೆ, ಪಿಟೀಲಿನವರದೂ ಮೃದಂಗದವರದೂ ಇದೆ, ಚಂದಾ ಕೊಟ್ಟವರದು ಒಂದು ಪುಟ ತುಂಬ ಇದೆ. ತಳದಲ್ಲಿ 'ಮತ್ತು ತಮಟೆ ವಾದ್ಯ' ಎಂದು ಅಚ್ಚಾಗಿದೆ. ಮುಂದಿನ ಸಲಕ್ಕೆಂದು ಆ ಹಿರಿಯರ ಮತ್ತು ಅವರ ಜೊತೆಗಾರರ ಹೆಸರು, ಊರುಗಳನ್ನು ಬರೆದು ಸಮಿತಿಯವರಿಗೆ ಕೊಟ್ಟೆ. 'ನೋಡೋಣ ಮೇಷ್ಟ್ರೇ, ಜಾಗ ಸಾಕಾದರೆ' ಎಂದರು. ಐದು ತಂಡಗಳು ಒಂದು ಸಂಜೆ ಹಂಚಿಕೊಳ್ಳುವುದಕ್ಕೆ ಬಯಲು ಬೇಕಾದಷ್ಟಿತ್ತು. ಸಾಲದೆ ಬಂದದ್ದು ಕಾಗದ.