ಮಣ್ಣಿಗೆ ಮರಳುವ ಹಾದಿ: ಟಾಲ್‌ಸ್ಟಾಯ್ ಫಾರ್ಮ್‌ನಿಂದ ಜೀವಾಮೃತದವರೆಗೆ

ಸೀಗೆ ಹುಣ್ಣಿಮೆಯ ಹಿಂದಿನ ರಾತ್ರಿ ಮಲೆನಾಡಿನ ದೀವರ ಮನೆಗಳಲ್ಲಿ ಹೆಂಗಸರು ನಿದ್ದೆಗೆಟ್ಟು ಅಡುಗೆ ಮಾಡುತ್ತಾರೆ. ಬೆಟ್ಟ ಬೇಣ ಸುತ್ತಿ ಕೊಯ್ದು ತಂದ ಬಗೆಬಗೆಯ ಸೊಪ್ಪು, ಕುಡಿ ಬೆಂದು ಹಚ್ಚಂಬಲಿಯಾಗುತ್ತದೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅದನ್ನು ಹೊತ್ತು, ನಸುಕಿನಲ್ಲೇ ಗದ್ದೆಗೆ ಹೋಗಿ ಬೀರುತ್ತಾರೆ. ತೆನೆ ಹೊಟ್ಟೆಯಲ್ಲಿರುವ ಕಾಲವದು. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ. ಬಯಲುಸೀಮೆಯಲ್ಲಿ ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗುವವರು ತಾವು ಉಣ್ಣುವ ಮೊದಲು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಇವರಾರೂ ಭೂಮಿಯೊಡನೆ ಮರಳಿ ನಂಟು ಬೆಳೆಸಬೇಕೆಂದು ಹೊರಟವರಲ್ಲ. ಇವರ ನಂಟು ಕಡಿದೇ ಇರಲಿಲ್ಲ. ಮಣ್ಣಿಗೆ ಮರಳುವ ಮಾತು ಒಂದು ಚಿಂತನೆಯಾಗಿ, ಚಳವಳಿಯಾಗಿ ಬೆಳೆದದ್ದು ಮಣ್ಣಿನಿಂದ ದೂರ ಹೋಗಿದ್ದವರ ನಡುವೆ.

ನಮ್ಮ ದೇಶದ ಮಟ್ಟಿಗೆ ಆ ಚಿಂತನೆಯ ಮೊದಲ ನೆಲೆ ದಕ್ಷಿಣ ಆಫ್ರಿಕಾದಲ್ಲಿದೆ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ವಕೀಲ ಗಾಂಧಿ ಜಾನ್ ರಸ್ಕಿನ್ನರ ಪುಸ್ತಕವೊಂದನ್ನು ಓದಿದರು. ಅದೇ ವರ್ಷ ಫೀನಿಕ್ಸ್ ಆಶ್ರಮ ಎದ್ದಿತು. 1910ರಲ್ಲಿ ಗೆಳೆಯ ಹರ್ಮನ್ ಕಾಲನ್‌ಬಾಕ್ ಕೊಟ್ಟ ಸುಮಾರು 1,100 ಎಕರೆಯಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರುವಾಯಿತು. ಅಲ್ಲಿ ಆಳುಗಳಿರಲಿಲ್ಲ. ಅಡುಗೆಯಿಂದ ಮಲ ಹೊರುವವರೆಗೆ ಎಲ್ಲ ಕೆಲಸವೂ ವಾಸಿಗಳದೇ. ಕಾಲನ್‌ಬಾಕ್ ಕ್ರೈಸ್ತ ಸನ್ಯಾಸಿಗಳ ಮಠವೊಂದರಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು, ಗಾಂಧಿ ಅವರಿಂದ ಕಲಿತರು. ನಂಬಿಕೆ ಸರಳವಾಗಿತ್ತು: ಉಣ್ಣುವ ಅನ್ನಕ್ಕಾಗಿ ತನ್ನ ಮೈಬೆವರು ಸುರಿಸದವನ ಪ್ರಾರ್ಥನೆ ಅರೆಬರೆ. ಮುಂದೆ ಸಾಬರಮತಿಯಲ್ಲಿ ಶರೀರಶ್ರಮ ಒಂದು ವ್ರತವೇ ಆಯಿತು.

ಗಾಂಧಿಯ ಈ ವ್ರತಕ್ಕೆ ಅರ್ಥಶಾಸ್ತ್ರದ ಬುನಾದಿ ಹಾಕಿದವರು ಜೆ.ಸಿ. ಕುಮಾರಪ್ಪ. ಜೈಲಿನಲ್ಲಿದ್ದು 1945ರಲ್ಲಿ ಮುಗಿಸಿದ ಪುಸ್ತಕದಲ್ಲಿ ಅವರು ಬದುಕುವ ರೀತಿಗಳನ್ನು ಪ್ರಾಣಿಲೋಕದಿಂದಲೇ ವಿಂಗಡಿಸಿದರು. ಇನ್ನೊಂದನ್ನು ಹೀರಿ ಬದುಕುವ ಪರಾವಲಂಬಿಗಳಿಂದ ಹಿಡಿದು, ಗೂಡಿಗಾಗಿ ದುಡಿಯುವ ಜೇನು, ಪ್ರತಿಫಲ ಬಯಸದೆ ಉಣಿಸುವ ತಾಯಿಯವರೆಗೆ ಅದೊಂದು ಏಣಿ. ಇಂದಿನ ಸುಸ್ಥಿರತೆಯ ಬರಹಗಳ ರಾಶಿಯಲ್ಲೂ ಇಷ್ಟು ನೇರವಾದ ಅಳತೆಗೋಲು ನನಗೆ ಸಿಕ್ಕಿಲ್ಲ. ಅದಕ್ಕೂ ಮೊದಲು, 1920ರ ದಶಕದಲ್ಲಿ, ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ಕಸಕಡ್ಡಿ, ಸೆಗಣಿಯಿಂದ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದ್ದರು. ಭಾರತದ ರೈತರನ್ನು ತನ್ನ ಗುರುಗಳೆಂದು ಒಪ್ಪಿಕೊಂಡವರು ಅವರು.

1960ರ ದಶಕದ ನಡುವಿನಿಂದ ಹಸಿರು ಕ್ರಾಂತಿ ಬಂತು. ಹಸಿದ ದೇಶಕ್ಕೆ ಅನ್ನ ಬೇಕಿತ್ತು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಮನೆಯ ವಾಡೆಯಲ್ಲಿದ್ದ ಬೀಜ ಅಂಗಡಿಗೆ ಹೋಯಿತು, ತಿಪ್ಪೆಯ ಜಾಗಕ್ಕೆ ಚೀಲ ಬಂತು. ಬಿತ್ತನೆಗೆ ಮೊದಲು ಸಾಲ ಮಾಡುವುದು ವಾಡಿಕೆಯಾಯಿತು.

ಹಾಗೆ ಸಾಲದಲ್ಲಿ ಸಿಕ್ಕವರ ಕೈಗೆ ಜಪಾನಿನಿಂದ ಒಂದು ಪುಸ್ತಕ ಬಂತು. ಮಸನೊಬು ಫುಕುವೊಕಾ ಯೊಕೊಹಾಮಾದ ಸುಂಕದ ಕಚೇರಿಯಲ್ಲಿ ಸಸ್ಯರೋಗ ಪರೀಕ್ಷಿಸುತ್ತಿದ್ದವರು. ಇಪ್ಪತ್ತೈದರ ಪ್ರಾಯದಲ್ಲಿ ಕಾಯಿಲೆ ಬಿದ್ದು, ಮನಸ್ಸು ಕದಡಿ, ಒಂದು ಬೆಳಗಿನ ಹೊತ್ತು ಮನುಷ್ಯನ ತಿಳಿವಳಿಕೆಗೆ ಹುರುಳಿಲ್ಲವೆಂಬ ಅರಿವಾಗಿ ಕೆಲಸ ಬಿಟ್ಟರು. ತಮಗೆ ಕಂಡದ್ದು ನಿಜವೇ ಎಂದು ಪರೀಕ್ಷಿಸಲು ಆರಿಸಿಕೊಂಡದ್ದು ಅಪ್ಪನ ಕಿತ್ತಳೆ ತೋಟವನ್ನು. ಅದುವರೆಗೆ ಸವರಿ ಬೆಳೆಸಿದ್ದ ಮರಗಳನ್ನು ಅವರು ಏಕಾಏಕಿ ಹಾಗೆಯೇ ಬಿಟ್ಟರು. ಕೊಂಬೆಗೆ ಕೊಂಬೆ ಹೆಣೆದುಕೊಂಡು, ಕೀಟ ಹತ್ತಿ, ತೋಟವೇ ಒಣಗಿತು. ಕೈಬಿಡುವುದು ಬೇರೆ, ಸಹಜವಾಗಿ ಬೆಳೆಸುವುದು ಬೇರೆ ಎಂದು ಅವರಿಗೆ ತಿಳಿದದ್ದು ಹೀಗೆ. ಆಮೇಲಿನ ದಶಕಗಳಲ್ಲಿ ಅವರು ಉಳದೆ, ಗೊಬ್ಬರ ಹಾಕದೆ, ಕಳೆ ಕೀಳದೆ, ಔಷಧಿ ಹೊಡೆಯದೆ ಬೆಳೆಯುವುದನ್ನು ಕಲಿತರು. ಭತ್ತ ಇನ್ನೂ ಗದ್ದೆಯಲ್ಲಿರುವಾಗಲೇ ಕ್ಲೋವರ್ ಎಂಬ ಮೇವಿನ ಗಿಡದ ಬೀಜವನ್ನೂ ಬಾರ್ಲಿಯನ್ನೂ ಎರಚುತ್ತಿದ್ದರು. ಕೊಯ್ಲಾದ ಮೇಲೆ ಹುಲ್ಲನ್ನು ಕತ್ತರಿಸದೆ, ಅಡ್ಡಾದಿಡ್ಡಿಯಾಗಿ ಅದೇ ಗದ್ದೆಗೆ ಹರಡುತ್ತಿದ್ದರು. ಭತ್ತದ ಬೀಜವನ್ನು ಜೇಡಿಮಣ್ಣಿನ ಉಂಡೆಯೊಳಗಿಟ್ಟು ಚೆಲ್ಲುತ್ತಿದ್ದರು. ‘ಒಂದು ಹುಲ್ಲಿನ ಕ್ರಾಂತಿ’ ಜಪಾನಿಯಲ್ಲಿ 1975ರಲ್ಲಿ, ಇಂಗ್ಲಿಷಿನಲ್ಲಿ 1978ರಲ್ಲಿ ಪ್ರಕಟವಾಯಿತು. ಅದನ್ನು ಬರಿಯ ಬೇಸಾಯದ ಕೈಪಿಡಿಯಾಗಿ ಓದಿದವರಿಗೆ ಅರ್ಧ ಮಾತ್ರ ದಕ್ಕಿದೆ. ಅಲ್ಲಿ ಬೇಸಾಯವೇ ಸಾಧನೆ.

ಕನ್ನಡದಲ್ಲಿ ಈ ಪುಸ್ತಕಕ್ಕೆ ಸಿಕ್ಕ ಸ್ವಾಗತ ದೊಡ್ಡದು. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ‘ಸಹಜ ಕೃಷಿ’ ಬರೆದು ಫುಕುವೊಕಾರನ್ನು ನಮ್ಮವರಾಗಿಸಿದರು. ‘ಒಂದು ಹುಲ್ಲಿನ ಕ್ರಾಂತಿ’ಯನ್ನು ಸಂತೋಷ್ ಕೌಲಗಿ ಕನ್ನಡಕ್ಕೆ ತಂದರು. ಅವರ ತಂದೆ ಸುರೇಂದ್ರ ಕೌಲಗಿ ಮೇಲುಕೋಟೆಯಲ್ಲಿ 1960ರಿಂದ ಗಾಂಧಿಯ ಹಾದಿಯ ಜನಪದ ಸೇವಾ ಟ್ರಸ್ಟ್ ನಡೆಸಿಕೊಂಡು ಬಂದವರು. ಹೀಗೆ ಗಾಂಧಿಯ ಚರಕ ಮತ್ತು ಫುಕುವೊಕಾರ ಹುಲ್ಲು ಒಂದೇ ಮನೆಯಲ್ಲಿ ಕೂಡಿದವು. ಪುತ್ತೂರಿನಿಂದ 1988ರಲ್ಲಿ ಶ್ರೀಪಡ್ರೆಯವರ ಬಳಗ ತಂದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟಿತು. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿ ಮೊದಲು ರಾಸಾಯನಿಕ ಬೇಸಾಯದಲ್ಲಿ ಒಳ್ಳೆಯ ಇಳುವರಿ ತೆಗೆದವರು. ಲೆಕ್ಕ ಹಾಕಿ ನೋಡಿದರೆ ಕೈಯಲ್ಲಿ ಉಳಿದದ್ದು ಏನೂ ಇಲ್ಲ. 2019ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಹೊಲವನ್ನು ಶಾಲೆ ಮಾಡಿಕೊಂಡಿದ್ದರು. ಎರೆಹುಳು, ಗೆದ್ದಲನ್ನು ಜೊತೆಯ ದುಡಿಮೆಗಾರರೆಂದು ಪರಿಚಯಿಸುತ್ತಿದ್ದರು. ಪ್ರವಚನವಿಲ್ಲದ ಈ ಅಧ್ಯಾತ್ಮವೇ ನನಗೆ ಹೆಚ್ಚು ಹತ್ತಿರದ್ದು.

2000ದ ನಂತರ ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಬಂದರು. ರೈತಸಂಘ ಏರ್ಪಡಿಸಿದ ಅವರ ಶಿಬಿರಗಳಲ್ಲಿ ರೈತರು ದಿನಗಟ್ಟಲೆ ಕೂತು ನೋಟು ಬರೆದುಕೊಂಡರು. 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸೆಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು: ಒಂದು ಎಕರೆಯ ಜೀವಾಮೃತ. ಈ ಬೇಸಾಯವನ್ನು ಪಾಳೇಕರರು ಆಧ್ಯಾತ್ಮಿಕ ಕೃಷಿ ಎಂದೂ ಕರೆದರು. ಅಂಗಡಿಯ ಸಾಲದಿಂದ ಹೊರಬರಲು ಸಾವಿರಾರು ಕುಟುಂಬಗಳಿಗೆ ಜೀವಾಮೃತದ ಡ್ರಮ್ಮು ದಾರಿ ತೋರಿಸಿತು. ಆದರೂ ಹಲವರಲ್ಲಿ ಅದು ಯೂರಿಯಾದ ಬದಲಿಗೆ ಬಂದ ಇನ್ನೊಂದು ಡೋಸ್ ಆಗಿ ನಿಂತಿತು. ಮುಚ್ಚಿಗೆಯಿಲ್ಲ, ಅಕ್ಕಡಿ ಸಾಲಿಲ್ಲ, ಒಂದೇ ಬೆಳೆ. 2004ರಲ್ಲಿ ಕರ್ನಾಟಕ ಸಾವಯವ ನೀತಿ ತಂದಿತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಎಕರೆಯನ್ನು ಎಣಿಸಬಹುದು. ಬೆಳಗ್ಗೆ ಎದ್ದು ಹೊಲ ನೋಡದಿದ್ದರೆ ಮನಸ್ಸು ತಡೆಯದವರನ್ನು ಯಾವ ಮಿಷನ್ನೂ ತಯಾರಿಸಲಾರದು.

ಇನ್ನೊಂದು ಪ್ರಶ್ನೆಯನ್ನು ಈ ಬರಹಗಳ ಪರಂಪರೆ ಬದಿಗೇ ಸರಿಸಿಕೊಂಡು ಬಂದಿದೆ. ಮರಳಲು ಮಣ್ಣು ಯಾರಿಗಿದೆ? ಸ್ವಾವಲಂಬನೆಯೆಂದರೆ ಬೇಲಿ ಹಾಕಿದ ಎರಡೆಕರೆಯಲ್ಲಿ ಒಂಟಿಯಾಗಿ ಬದುಕುವುದೆಂಬ ಚಿತ್ರ ನಗರದ್ದು. ಹಳ್ಳಿಯಲ್ಲಿ ಅದು ಮುಯ್ಯಾಳಿನಿಂದ, ಮನೆಯಿಂದ ಮನೆಗೆ ಹೋದ ಬೀಜದಿಂದ ನಡೆದದ್ದು. ತಲೆತಲಾಂತರ ಮಣ್ಣು ಮುಟ್ಟಿದ ದಲಿತರಿಗೆ ಆ ಮಣ್ಣಿನ ಪಹಣಿ ಸಿಕ್ಕದ್ದು ಅಪರೂಪ. ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದಿನ ಸುತ್ತ, 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ದುಡಿದ ದಲಿತ ಹೆಂಗಸರ ಸಂಘಗಳು ಬೀಳು ಭೂಮಿಯನ್ನು ಹಸನು ಮಾಡಿ ಜೋಳ, ತೊಗರಿ, ನವಣೆ ಬೆರೆಸಿ ಬೆಳೆದವು. ಬೀಜ ಕೂಡಿಟ್ಟು ಹಂಚಿದವು, ಊರಿನ ಧಾನ್ಯದಿಂದಲೇ ಪಡಿತರ ನಡೆಸಿದವು. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಬೀಜ ತುಂಬಿದ ಗಾಡಿಗಳನ್ನು ಊರೂರಿಗೆ ಮೆರವಣಿಗೆಯಲ್ಲಿ ಒಯ್ಯುತ್ತವೆ. ಟಾಲ್‌ಸ್ಟಾಯ್ ಫಾರ್ಮಿನ ಆಸೆ ಅತಿ ಪೂರ್ಣವಾಗಿ ನೆರವೇರಿದ್ದು ಈ ಹೆಂಗಸರ ಕೈಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ರೈತರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ನಗರದಿಂದ ಬಂದು ಮನಸಾರೆ ದುಡಿಯುವವರಿಗೆ ಇದು ಬಾಗಿಲು ತೆರೆದಿದೆ, ವಾರಾಂತ್ಯದ ಫಾರ್ಮ್‌ಹೌಸಿಗೂ ತೆರೆದಿದೆ. ಗೇಣಿ ಮಾತ್ರ ಇನ್ನೂ ಕಾನೂನಿನ ಹೊರಗೇ ಉಳಿದಿದೆ. ಗುತ್ತಿಗೆಗೆ ಉಳುವವರ ಒಪ್ಪಂದ ಬಾಯಿಮಾತಿನದು, ವರ್ಷಕ್ಕೊಮ್ಮೆ ಬದಲಾಗುವಂಥದು. ಮಣ್ಣು ಚೇತರಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ, ಬದುವಿನ ಹೊಂಗೆ, ಗೊಬ್ಬರದ ಗಿಡ ಸೊಪ್ಪು ಕೊಡಲು ಅದಕ್ಕೂ ಹೆಚ್ಚು. ಮುಂದಿನ ಮುಂಗಾರಿಗೆ ಹೊಲ ಯಾರ ಕೈಗೆ ಹೋಗುತ್ತದೋ ತಿಳಿಯದ ಗೇಣಿದಾರ ಬದುವಿನಲ್ಲಿ ಗಿಡ ನೆಡುವುದಿಲ್ಲ, ನೆಡಬೇಕೆಂದು ಅವನನ್ನು ಕೇಳುವುದೂ ನ್ಯಾಯವಲ್ಲ. ಸಹಜ ಕೃಷಿಯ ಶಿಬಿರಗಳು ಇನ್ನು ಜೀವಾಮೃತದ ಜೊತೆಗೆ ಹಲವು ವರ್ಷದ ಲಿಖಿತ ಗುತ್ತಿಗೆಯ ಬೇಡಿಕೆಯನ್ನೂ ಎತ್ತಿಕೊಳ್ಳಬೇಕು.