ಮಸ್ಕಿಯ ಹಳ್ಳ

ನದಿಗಳ ಚರಿತ್ರೆ ಬರೆಯುವವರು ದೊಡ್ಡ ಹೊಳೆಗಳ ದಂಡೆ ಬಿಟ್ಟು ಕದಲುವುದಿಲ್ಲ. ನಮ್ಮ ರಾಯಚೂರು ಸೀಮೆಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ಎಂಬ ಹೆಸರು ಬಂದದ್ದೂ ಕೃಷ್ಣೆ, ತುಂಗಭದ್ರೆಗಳ ದೆಸೆಯಿಂದಲೇ. ನಾನು ಹೇಳಹೊರಟದ್ದು ಅವುಗಳ ನಡುವಿನ ಮೂರನೆಯದೊಂದರ ಮಾತು. ಪುಸ್ತಕದಲ್ಲಿ ಅದು ಮಸ್ಕಿ ನದಿ. ಊರವರ ಬಾಯಲ್ಲಿ ಬರಿಯ ಹಳ್ಳ.

ಮಾರಲದಿನ್ನಿಯ ಬಳಿ ಈಗ ಅದಕ್ಕೊಂದು ಅಣೆಕಟ್ಟೆ ಇದೆ. ಅಲ್ಲಿಂದ ಕೆಳಗಿಳಿದು, ಮಸ್ಕಿಯ ಮಗ್ಗುಲಲ್ಲಿ ಹಾಯ್ದು, ಕೊನೆಗೆ ತುಂಗಭದ್ರೆಯ ಪಾಲಾಗುತ್ತದೆ. ವರ್ಷದಲ್ಲಿ ಬಹುಕಾಲ ಮರಳು ಹೆಚ್ಚು, ನೀರು ಕಡಿಮೆ. ನಾನು ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಹೆಂಗಸರು ಮರಳು ಬಗೆದು ಒರತೆ ತೆಗೆಯುತ್ತಿದ್ದರು. ಚಿಪ್ಪಿನಿಂದ ಮೊಗೆದು ಕೊಡ ತುಂಬಲು ಅರ್ಧ ತಾಸು ಬೇಕಾಗುತ್ತಿತ್ತು. ಆದರೆ ನೀರು ಇಲ್ಲವೆಂದು ಯಾರೂ ಬರಿಗೊಡ ಹೊತ್ತು ಹಿಂದಿರುಗಿದ್ದನ್ನು ಕಾಣೆ.

ಈ ಒರತೆಯೇ ಊರಿನ ಮೂಲವೆಂದು ನನ್ನ ಎಣಿಕೆ. ಭೂವಿಜ್ಞಾನಿ ಬ್ರೂಸ್ ಫೂಟ್ 1870ರಲ್ಲೊಮ್ಮೆ, 1888ರಲ್ಲೊಮ್ಮೆ ಇಲ್ಲಿಗೆ ಬಂದು ಪ್ರಾಚೀನ ವಸತಿಯ ಕುರುಹು ಕಂಡರು. 1954ರಲ್ಲಿ ಬಿ. ಕೆ. ಥಾಪರ್ ಅವರು ಅಗೆಸಿದಾಗ ಒಂದರ ಮೇಲೊಂದು ನಾಲ್ಕು ಕಾಲದ ನೆಲೆಗಳು ತೋರಿದವು: ಅಡಿಯಲ್ಲಿ ಕಲ್ಲಿನ ಅಲಗುಗಳನ್ನೂ ತಾಮ್ರವನ್ನೂ ಬಲ್ಲ ಜನ, ಅವರ ಮೇಲೆ ಕಬ್ಬಿಣದ ಜನ, ಆಮೇಲೆ ಇತಿಹಾಸಕಾಲದ ಆರಂಭ, ಎಲ್ಲಕ್ಕೂ ಮೇಲೆ ಮಧ್ಯಯುಗ. ಗುಡ್ಡದ ಆಸರೆ, ಹಳ್ಳದ ಒರತೆ, ಎರೆಯ ಹೊಲ. ಇವು ಮೂರು ಒಂದೆಡೆ ಇದ್ದರೆ ಮನುಷ್ಯನಿಗೆ ಇನ್ನೇನು ಬೇಕು?

ಚಿನ್ನ ಬೇಕು, ಎನ್ನುವವರೂ ಇದ್ದಾರೆ. 1915ರ ಜನವರಿಯಲ್ಲಿ ಚಿನ್ನದ ಜಾಡು ಹಿಡಿದು ಬಂದ ಬೀಡನ್ ಎಂಬ ಇಂಜಿನಿಯರರಿಗೆ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದುವರೆಗೆ ದೊರೆತ ಧರ್ಮಶಾಸನಗಳಲ್ಲೆಲ್ಲ ದೊರೆ ‘ದೇವಾನಾಂಪ್ರಿಯ’ನೇ. ಅಶೋಕನೆಂಬ ಹೆಸರು ಮೊದಲು ಸಿಕ್ಕಿದ್ದು ಈ ಬಡ ಹಳ್ಳದ ದಂಡೆಯಲ್ಲಿ! ಚಿನ್ನ ಎಷ್ಟು ಸಿಕ್ಕಿತೋ, ಅದನ್ನು ಕೇಳುವವರಿಲ್ಲ.

ಚಾಲುಕ್ಯರ ಕಾಲದ ಶಾಸನಗಳಲ್ಲಿ ಊರಿನ ಹೆಸರು ಮೊಸಂಗಿ. ಸುಮಾರು 1020ರ ಹೊತ್ತಿಗೆ ರಾಜೇಂದ್ರಚೋಳ ಜಯಸಿಂಹನನ್ನು ಸೋಲಿಸಿದೆನೆಂದು ಹೇಳಿಕೊಂಡ ಮುಶಂಗಿ ಇದೇ ಎಂದು ಹಲವರು, ಅಲ್ಲವೆಂದು ಕೆಲವರು. ಕಾಳಗ ಎಲ್ಲಿಯೇ ಆಗಿರಲಿ, ಹಳ್ಳಕ್ಕೆ ಅದರ ಲೆಕ್ಕವಿಲ್ಲ.

ಅದರ ಬದುಕು ನಿಜವಾಗಿ ತಿರುಗಿದ್ದು ತುಂಗಭದ್ರೆಗೆ ಅಣೆಕಟ್ಟೆಯಾದ ಮೇಲೆ. 1953ರಲ್ಲಿ ಅಣೆ ಮುಗಿಯಿತು. ಎಡದಂಡೆ ಕಾಲುವೆ ಬಂತು. ಜೋಳದ ಎರೆ ಭತ್ತದ ಗದ್ದೆಯಾಯಿತು. ಈಗ ರೈತ ಕೇಳುವುದು 69ನೇ ಮೈಲಿನಲ್ಲಿ ಕಾಲುವೆಯ ನೀರು ಎಷ್ಟಿದೆ ಎಂದು. ತನ್ನನ್ನು ಹಡೆದ ಹಳ್ಳಕ್ಕೆ ಊರು ಬೆನ್ನು ಕೊಟ್ಟು ಕೂತಿದೆ. ಇದು ಕೃತಘ್ನತೆ ಎನ್ನಲಾರೆ. ಅರ್ಧ ತಾಸಿಗೊಂದು ಕೊಡ ತುಂಬಿದವರ ಮೊಮ್ಮಕ್ಕಳು ನಲ್ಲಿಯ ಕಡೆ ತಿರುಗಿದರೆ ತಪ್ಪೇನು? ಆದರೆ ಬೆನ್ನು ಕೊಟ್ಟವರಿಗೆ ಹಳ್ಳದ ಸ್ವಭಾವ ಮರೆತುಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಅದು ಉಕ್ಕಿದಾಗ ನಡುನೀರಿನಲ್ಲಿ ಇಬ್ಬರು ಸಿಕ್ಕಿಕೊಂಡರು. ಒಬ್ಬರು ದಡ ಸೇರಿದರು. ಇನ್ನೊಬ್ಬರು ಎಲ್ಲರ ಕಣ್ಣೆದುರೇ ಕೊಚ್ಚಿಹೋದರು.

ಕಳೆದ ಸಲ ಹೋದಾಗ ಚಹಾದ ಅಂಗಡಿಯ ಹುಡುಗನನ್ನು, ‘ಮಸ್ಕಿ ನದಿ ಎಲ್ಲಪ್ಪ?’ ಎಂದೆ. ಅಶೋಕನ ಗುಡ್ಡವನ್ನಾದರೆ ಕೈಮಾಡಿ ತೋರಿಸುತ್ತಿದ್ದ. ನದಿಯೆಂದರೆ ತಬ್ಬಿಬ್ಬಾದ.

‘ನದಿ ಗೊತ್ತಿಲ್ರಿ. ಹಳ್ಳ ಅಲ್ಲೈತಿ. ಮಳಿ ಬಂದಾಗ ಇಳೀಬ್ಯಾಡ್ರಿ.’