ಕರ್ನಾಟಕದ ಹಾವುಗಳು

ಕರ್ನಾಟಕದ ಕರಾವಳಿ, ಮಲೆನಾಡು ಮತ್ತು ಬಯಲುಸೀಮೆಗಳಲ್ಲಿ ಸಹಜವಾಗಿ ಕಂಡುಬರುವ ಹಾವುಗಳನ್ನು ವಿಷಪೂರಿತ, ಅಲ್ಪವಿಷದ ಮತ್ತು ವಿಷರಹಿತ ಎಂದು ಮೂರು ಗುಂಪುಗಳಾಗಿ ವಿಂಗಡಿಸಬಹುದು. ಇವುಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ಅಪಾಯಕಾರಿಯಲ್ಲ.

ವಿಷಪೂರಿತ ಹಾವುಗಳು

ಭಾರತದಲ್ಲಿ ಹಾವು ಕಡಿತದ ಹೆಚ್ಚಿನ ಸಾವುಗಳಿಗೆ ಕಾರಣವಾಗುವ ನಾಲ್ಕು ಪ್ರಭೇದಗಳೂ ರಾಜ್ಯದಲ್ಲಿವೆ.

* ನಾಗರಹಾವು: ಹೆಡೆಯ ಹಿಂಭಾಗದಲ್ಲಿ ಸಾಮಾನ್ಯವಾಗಿ ಕನ್ನಡಕದಂತಹ ಗುರುತಿರುತ್ತದೆ. ಇದರ ವಿಷವು ನರಮಂಡಲವನ್ನು ಬಾಧಿಸುತ್ತದೆ. ಕಡಿದ ಜಾಗದ ಅಂಗಾಂಶವನ್ನೂ ಕೊಳೆಯಿಸುತ್ತದೆ.
* ಕಟ್ಟುಹಾವು: ಹೊಳೆಯುವ ಕಪ್ಪು ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳಿರುತ್ತವೆ. ಇದು ನಿಶಾಚರಿ. ನೆಲದ ಮೇಲೆ ಮಲಗಿದವರನ್ನು ಕಡಿಯುವುದುಂಟು. ಕಡಿತದಿಂದ ನೋವು, ಊತ ಹೆಚ್ಚಾಗಿ ಕಾಣಿಸದ ಕಾರಣ ಚಿಕಿತ್ಸೆ ತಡವಾಗಿ, ಉಸಿರಾಟದ ಸ್ನಾಯುಗಳು ನಿಷ್ಕ್ರಿಯವಾಗಿ ಸಾವು ಸಂಭವಿಸಬಹುದು.
* ಕೊಳಕುಮಂಡಲ: ಬೆನ್ನಿನ ಮೇಲೆ ಸರಪಳಿಯಂತೆ ಸಾಗುವ ಕಂದು ಮಚ್ಚೆಗಳಿರುತ್ತವೆ. ಇದರ ವಿಷವು ರಕ್ತ ಹೆಪ್ಪುಗಟ್ಟುವಿಕೆಯನ್ನು ಕೆಡಿಸಿ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ.
* ಗರಗಸ ಮಂಡಲ: ಒಣಪ್ರದೇಶದ ಸಣ್ಣ ಹಾವು. ಕೆರಳಿದಾಗ ಮೈಯ ಹುರುಪೆಗಳನ್ನು ಉಜ್ಜಿ ಸದ್ದು ಮಾಡುತ್ತದೆ.

ಪಶ್ಚಿಮ ಘಟ್ಟಗಳ ಕಾಳಿಂಗ ಸರ್ಪವು ಜಗತ್ತಿನ ಅತಿ ಉದ್ದದ ವಿಷದ ಹಾವುಗಳ ಗುಂಪಿಗೆ ಸೇರಿದೆ. ಇದು ಮುಖ್ಯವಾಗಿ ಇತರ ಹಾವುಗಳನ್ನು ತಿನ್ನುತ್ತದೆ. ಹೆಣ್ಣು ತರಗೆಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. 2024ರಲ್ಲಿ ಇದನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ಕನ್ನಡದ ಹೆಸರನ್ನೇ ಉಳಿಸಿಕೊಂಡು 'ಒಫಿಯೊಫೇಗಸ್ ಕಾಳಿಂಗ' ಎಂದು ಹೆಸರಿಸಲಾಯಿತು. ಶಿವಮೊಗ್ಗ ಜಿಲ್ಲೆಯ ಆಗುಂಬೆಯು ಇದರ ಅಧ್ಯಯನಕ್ಕೆ ಪ್ರಸಿದ್ಧವಾಗಿದೆ. ಘಟ್ಟಗಳಲ್ಲಿ ಮಲಬಾರ್ ಗುಳಿಮಂಡಲ, ಅರಬ್ಬೀ ಸಮುದ್ರದಲ್ಲಿ ವಿಷಪೂರಿತ ಕಡಲ ಹಾವುಗಳು ವಾಸಿಸುತ್ತವೆ.

ಅಲ್ಪವಿಷದ ಮತ್ತು ವಿಷರಹಿತ ಹಾವುಗಳು

ಹಸಿರು ಹಾವು ಮತ್ತು ಬೆಕ್ಕಿನ ಕಣ್ಣಿನ ಹಾವುಗಳ ವಿಷ ಹಲ್ಲುಗಳು ಬಾಯಿಯ ಹಿಂಭಾಗದಲ್ಲಿರುತ್ತವೆ. ಅವುಗಳ ವಿಷ ಮನುಷ್ಯರಿಗೆ ಮಾರಕವಲ್ಲ. ಕೇರೆಹಾವು, ಹೆಬ್ಬಾವು, ನೀರುಹಾವು, ಮಣ್ಣುಮುಕ್ಕ ಮತ್ತು ತೋಳಹಾವುಗಳು ವಿಷರಹಿತ. ಕೇರೆಹಾವು ಇಲಿಗಳನ್ನು ತಿನ್ನುವುದರಿಂದ ರೈತರಿಗೆ ಉಪಕಾರಿ.

ಹೋಲಿಕೆಯಿಂದಾಗುವ ಗೊಂದಲ

ತೋಳಹಾವನ್ನು ಕಟ್ಟುಹಾವೆಂದು ಭಾವಿಸಿ ಕೊಲ್ಲುವುದು ಸಾಮಾನ್ಯ. ತೋಳಹಾವಿನ ಪಟ್ಟೆಗಳು ಕತ್ತಿನ ಬಳಿ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುತ್ತವೆ; ಕಟ್ಟುಹಾವಿನಲ್ಲಿ ಇದು ಸಾಮಾನ್ಯವಾಗಿ ತಿರುವುಮುರುವು. ಇದಕ್ಕಿಂತ ಅಪಾಯಕಾರಿಯಾದುದು, ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ತಿಳಿದು ಕೈಯಲ್ಲಿ ಹಿಡಿಯುವುದು. ಆದ್ದರಿಂದ ಬಣ್ಣವೊಂದನ್ನೇ ನಂಬಿ ಹಾವನ್ನು ಮುಟ್ಟಬಾರದು.

ಕಡಿತ ಮತ್ತು ಚಿಕಿತ್ಸೆ

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರವು 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಕಡಿತಕ್ಕೊಳಗಾದವರನ್ನು ನಡೆಯಿಸದೆ, ಕಡಿದ ಅಂಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯವನ್ನು ಕೊಯ್ಯುವುದು, ಬಾಯಿಯಿಂದ ವಿಷ ಹೀರುವುದು ಹಾನಿಕರ. ಕುದುರೆಗಳ ರಕ್ತದಿಂದ ತಯಾರಿಸುವ ಪ್ರತಿವಿಷವನ್ನು ಮೇಲಿನ ನಾಲ್ಕು ಪ್ರಭೇದಗಳ ವಿಷಕ್ಕಾಗಿ ರೂಪಿಸಲಾಗಿದೆ; ಗುಳಿಮಂಡಲಗಳ ವಿಷಕ್ಕೆ ಅದು ಪರಿಣಾಮಕಾರಿಯಲ್ಲ.

ನಂಬಿಕೆ ಮತ್ತು ಸಂರಕ್ಷಣೆ

ನಾಗಾರಾಧನೆ ಪ್ರಚಲಿತವಾಗಿರುವ ಕರಾವಳಿಯಲ್ಲಿ ನಾಗಬನಗಳ ಮರಗಳನ್ನು ಕಡಿಯದಿರುವುದರಿಂದ ಹಾವುಗಳಿಗೂ ಆಶ್ರಯ ದೊರೆತಿದೆ. ನಾಗರಪಂಚಮಿಯಂದು ಹಾಲೆರೆಯುವ ಪದ್ಧತಿಯಿದ್ದರೂ ಹಾಲು ಹಾವುಗಳ ಸಹಜ ಆಹಾರವಲ್ಲ. ಮಣ್ಣುಮುಕ್ಕ ಹಾವನ್ನು 'ಎರಡು ತಲೆಯ ಹಾವು' ಎಂದು ಕರೆದು, ಸಂಪತ್ತು ತರುತ್ತದೆಂಬ ಮೂಢನಂಬಿಕೆಯಿಂದ ಕಳ್ಳಸಾಗಣೆ ಮಾಡಲಾಗುತ್ತದೆ; ಎರಡನೆಯ ತಲೆಯೆಂದು ಕಾಣುವುದು ಅದರ ಮೊಂಡು ಬಾಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತವಾದ ಹಾವುಗಳನ್ನು ಹಿಡಿಯುವುದು, ಕೊಲ್ಲುವುದು ಮತ್ತು ಮಾರುವುದು ಶಿಕ್ಷಾರ್ಹ ಅಪರಾಧವಾಗಿದೆ.